ಬ್ಯಾಸ್ಕೆಟ್‌ಬಾಲ್ ಆಟಗಾರರ ದೈಹಿಕ ಕ್ಷಮತೆಯನ್ನು ಅಳೆಯುವುದು ಹೇಗೆ?

(ಏಳನೇ ತರಗತಿಯಿಂದ)



ಕಳೆದ ಸಂಚಿಕೆಯಲ್ಲಿ ಖೋ-ಖೋ ಆಟದ ನಿಯಮಗಳನ್ನು ಓದಿದ್ದೀರಿ. ಈ ಸಲ ಬ್ಯಾಸ್ಕೆಟ್‌ಬಾಲ್ ಬಗ್ಗೆ ಬರೆದಿದ್ದೇನೆ. ಆದರೆ ನಿಯಮಗಳನ್ನಲ್ಲ. ಆಟ ಆಡುವ ದೇಹವನ್ನು ಅಳೆಯುವುದು ಹೇಗೆ ಎಂಬುದು ನನ್ನ ವಿಷಯ. ಇದಕ್ಕೆ ದೈಹಿಕ ಕ್ಷಮತೆಯ ಪರೀಕ್ಷೆ ಎನ್ನುತ್ತಾರೆ. ಗಣಿತದ ಪರೀಕ್ಷೆ ಥರವೇ ಇದೂ ಒಂದು ಪರೀಕ್ಷೆ, ಆದರೆ ಇದರಲ್ಲಿ ನಕಲು ಹೊಡೆಯಲು ಆಗುವುದಿಲ್ಲ!

ಈ ವಿಷಯವನ್ನೇ ಯಾಕೆ ಆರಿಸಿಕೊಂಡೆ ಎಂದು ಕೇಳಬಹುದು. ಮುಂದಿನ ತಿಂಗಳು ವಲಯ ಮಟ್ಟದ ತಂಡಕ್ಕೆ ಆಯ್ಕೆ ಇದೆ. ನಮ್ಮ ಶಾಲೆಯಿಂದ ಹೋಗಬೇಕು ಅಂತ ಆರೇಳು ಜನ ಕಾಯ್ತಾ ಇದ್ದಾರೆ. ಹೋದ ವರ್ಷ ಒಂದು ಕಡೆ ಆಯ್ಕೆಗೆ ಹೋಗಿದ್ದೆವು. ಅಲ್ಲಿ ಎಲ್ಲರನ್ನೂ ಬಿಸಿಲಲ್ಲಿ ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸಿದರು. ಉದ್ದ ಇದ್ದ ಹನ್ನೆರಡು ಜನರನ್ನು ಈ ಕಡೆ ಕರೆದರು. ಉಳಿದವರು ಮನೆಗೆ ಹೋಗಿ ಅಂದರು. ಯಾರೂ ಓಡಲಿಲ್ಲ, ಹಾರಲಿಲ್ಲ, ಚೆಂಡು ಮುಟ್ಟಲಿಲ್ಲ. ಹತ್ತು ನಿಮಿಷದಲ್ಲಿ ಮುಗಿದೇ ಹೋಯಿತು. ನಮ್ಮ ತರಗತಿಯಲ್ಲಿ ಎಲ್ಲರಿಗಿಂತ ಜೋರಾಗಿ ಓಡುವ ನನ್ನ ಗೆಳತಿ ವಾಪಸ್ ಬರುವಾಗ ಬಸ್ಸಿನಲ್ಲಿ ಒಂದು ಮಾತೂ ಆಡಲಿಲ್ಲ. ಆಗಿನಿಂದ ನನಗೆ ಒಂದೇ ಪ್ರಶ್ನೆ: ಸರಿಯಾಗಿ ಅಳೆಯುವುದು ಅಂದರೆ ಏನು? ನಮ್ಮ ಪಿ.ಟಿ. ಸರ್ ಹೇಳಿಕೊಟ್ಟದ್ದು, ಪುಸ್ತಕದಲ್ಲಿ ಓದಿದ್ದು, ನಾವೇ ಮಾಡಿ ನೋಡಿದ್ದು ಎಲ್ಲವನ್ನೂ ಸೇರಿಸಿ ಬರೆದಿದ್ದೇನೆ.

ಆಟ ದೇಹದಿಂದ ಏನು ಕೇಳುತ್ತದೆ?

ಬ್ಯಾಸ್ಕೆಟ್‌ಬಾಲ್ ಹುಟ್ಟಿದ್ದು 1891ರ ಡಿಸೆಂಬರ್‌ನಲ್ಲಿ, ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಲ್ಲಿ. ಜೇಮ್ಸ್ ನೈಸ್ಮಿತ್ ಎಂಬ ದೈಹಿಕ ಶಿಕ್ಷಣದ ಮೇಷ್ಟ್ರು ಚಳಿಗಾಲದಲ್ಲಿ ಒಳಗಡೆ ಆಡಲು ಒಂದು ಆಟ ಬೇಕೆಂದು ಪೀಚ್ ಹಣ್ಣಿನ ಬುಟ್ಟಿಗಳನ್ನು ಗೋಡೆಯ ಮೇಲಿನ ಕಟಾಂಜನಕ್ಕೆ ಹೊಡೆಸಿದರು. ಆ ಕಟಾಂಜನ ಹತ್ತು ಅಡಿ ಎತ್ತರ ಇತ್ತು. ಇವತ್ತಿಗೂ ರಿಂಗ್ ಇರುವುದು ಅಷ್ಟೇ ಎತ್ತರದಲ್ಲಿ, ಅಂದರೆ 3.05 ಮೀಟರ್. ಚಿಕ್ಕ ಮಕ್ಕಳ ಮಿನಿ ಬ್ಯಾಸ್ಕೆಟ್‌ಬಾಲ್‌ನಲ್ಲಿ ಮಾತ್ರ 2.60 ಮೀಟರ್.

ಅಂತರರಾಷ್ಟ್ರೀಯ ಅಂಕಣದ ಉದ್ದ 28 ಮೀಟರ್, ಅಗಲ 15 ಮೀಟರ್. ಹತ್ತು ಹತ್ತು ನಿಮಿಷದ ನಾಲ್ಕು ಭಾಗ. ನೋಡಲು ಚಿಕ್ಕ ಜಾಗ, ಆದರೆ ಅಲ್ಲಿ ಸುಮ್ಮನೆ ನಿಲ್ಲಲು ಬಿಡುವುದಿಲ್ಲ. 1995ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಆಟಗಾರರ ವೀಡಿಯೊ ನೋಡಿ ಎಣಿಸಿದರು. ಒಂದು ಪಂದ್ಯದಲ್ಲಿ ಒಬ್ಬ ಆಟಗಾರ ಸುಮಾರು ಸಾವಿರ ಸಲ ತನ್ನ ಚಲನೆ ಬದಲಾಯಿಸುತ್ತಾನಂತೆ! ಓಡುವುದು, ನಿಲ್ಲುವುದು, ಪಕ್ಕಕ್ಕೆ ಸರಿಯುವುದು, ಹಾರುವುದು, ಹಿಂದಕ್ಕೆ ಹೋಗುವುದು ಹೀಗೆ ಸುಮಾರು ಎರಡು ಸೆಕೆಂಡಿಗೊಮ್ಮೆ ಬದಲಾವಣೆ. ನೀವೇ ಒಂದು ನಿಮಿಷ ಪ್ರಯತ್ನಿಸಿ ನೋಡಿ, ನಾಲಿಗೆ ಹೊರಗೆ ಬರುತ್ತದೆ.

ಆದ್ದರಿಂದ ನೇರ ಓಟದ ವೇಗ ಒಂದೇ ಸಾಲದು. ಹಾರುವ ಬಲ ಬೇಕು. ತಿರುಗುವ ಚುರುಕುತನ ಬೇಕು. ಮೈ ಬಗ್ಗಬೇಕು. ಕೊನೆಯ ನಿಮಿಷದವರೆಗೆ ದಮ್ಮು ಇರಬೇಕು. 2017ರ ಜುಲೈನಲ್ಲಿ ನಮ್ಮ ಬೆಂಗಳೂರಿನ ಶ್ರೀ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ಮಹಿಳೆಯರ ಏಷ್ಯಾ ಕಪ್ ನಡೆಯಿತು. 'ಬಿ' ವಿಭಾಗದ ಫೈನಲ್‌ನಲ್ಲಿ ಭಾರತದ ಅಕ್ಕಂದಿರು ಕಜಕಿಸ್ತಾನವನ್ನು ಸೋಲಿಸಿದ್ದು 75-73ರಿಂದ. ವ್ಯತ್ಯಾಸ ಎರಡೇ ಅಂಕ, ಅಂದರೆ ಒಂದೇ ಒಂದು ಬುಟ್ಟಿ. ನಲವತ್ತನೇ ನಿಮಿಷದಲ್ಲಿ ಕಾಲು ಸೋತುಹೋಗಿದ್ದರೆ ಆ ಕಪ್ ಬರುತ್ತಿತ್ತೇ?

ಎತ್ತರ ಮತ್ತು ತೂಕ

ಮೊದಲು ಅಳೆಯುವುದು ಇವೆರಡನ್ನು. ಗೋಡೆಗೆ ಹಿಮ್ಮಡಿ, ಬೆನ್ನು, ತಲೆ ತಾಗುವಂತೆ ಚಪ್ಪಲಿ ಇಲ್ಲದೆ ನಿಲ್ಲಬೇಕು. ತಲೆಯ ಮೇಲೆ ಒಂದು ರಟ್ಟಿನ ಪುಸ್ತಕ ಅಡ್ಡ ಇಟ್ಟು ಗೋಡೆಗೆ ಗೆರೆ ಹಾಕಬೇಕು. ಜುಟ್ಟು ಹಾಕಿದವರು ಬಿಚ್ಚಬೇಕು. (ನಗಬೇಡಿ, ಜುಟ್ಟಿನಿಂದ ಎರಡು ಸೆಂ.ಮೀ. ಹೆಚ್ಚಿಗೆ ಬರುತ್ತದೆ.) ತೂಕ ನೋಡಲು ಆರೋಗ್ಯ ತಪಾಸಣೆಗೆ ತರುವಂಥ ತೂಕದ ಯಂತ್ರ ಸಾಕು.

ತೂಕವನ್ನು ಎತ್ತರದ ವರ್ಗದಿಂದ ಭಾಗಿಸಿದರೆ ಬರುವುದಕ್ಕೆ ಬಿ.ಎಂ.ಐ. ಎನ್ನುತ್ತಾರೆ. ಉದಾಹರಣೆಗೆ ತೂಕ 36 ಕೆ.ಜಿ., ಎತ್ತರ 1.48 ಮೀಟರ್ ಇದ್ದರೆ, 1.48 × 1.48 = 2.19. 36 ÷ 2.19 = 16.4. ದೊಡ್ಡವರ ಕೋಷ್ಟಕದಲ್ಲಿ ನೋಡಿದರೆ ಇದು ತೀರಾ ಕಡಿಮೆ ಅನ್ನಿಸುತ್ತದೆ. ಆದರೆ ಮಕ್ಕಳಿಗೆ ವಯಸ್ಸಿನ ಪ್ರಕಾರ ಬೇರೆ ಕೋಷ್ಟಕ ಇದೆ, ಅದರಲ್ಲೇ ನೋಡಬೇಕು. ಅದಿರಲಿ, ಬಿ.ಎಂ.ಐ.ಗೆ ಮೂಳೆ ಯಾವುದು, ಸ್ನಾಯು ಯಾವುದು, ಕೊಬ್ಬು ಯಾವುದು ಗೊತ್ತಾಗುವುದಿಲ್ಲ.

ಈಗ ಎತ್ತರದ ವಿಷಯಕ್ಕೆ ಬರೋಣ, ಏಕೆಂದರೆ ಎಲ್ಲಾ ಜಗಳ ಇರುವುದು ಇಲ್ಲೇ. ಬ್ಯಾಸ್ಕೆಟ್‌ಬಾಲ್‌ಗೆ ಎತ್ತರ ಬೇಕು, ಸುಳ್ಳಲ್ಲ. ಪಂಜಾಬಿನ ಬಲ್ಲೋ ಕೆ ಎಂಬ ಹಳ್ಳಿಯ ಸತ್ನಾಮ್ ಸಿಂಗ್ 2015ರಲ್ಲಿ ಅಮೆರಿಕದ ಎನ್.ಬಿ.ಎ. ತಂಡವೊಂದಕ್ಕೆ ಆಯ್ಕೆಯಾದರು. ಹಾಗೆ ಆಯ್ಕೆಯಾದ, ಭಾರತದಲ್ಲಿ ಹುಟ್ಟಿದ ಮೊದಲನೆಯವರು ಅವರೇ. ಅವರ ಎತ್ತರ ಏಳು ಅಡಿಗೂ ಜಾಸ್ತಿ. ಆದರೆ ಅದೇ ಎನ್.ಬಿ.ಎ.ಯಲ್ಲಿ ಮಗ್ಸಿ ಬೋಗ್ಸ್ ಅನ್ನುವವರು ಆಡಿದರು. ಅವರ ಎತ್ತರ ಐದು ಅಡಿ ಮೂರು ಇಂಚು, ಅಂದರೆ 160 ಸೆಂ.ಮೀ. ನಮ್ಮ ಪಿ.ಟಿ. ಸರ್‌ಗಿಂತ ಕುಳ್ಳು! ಒಂದು ಸಲ ಎರಡು ಸಲ ಅಲ್ಲ, 1987ರಿಂದ 2001ರ ತನಕ 14 ಋತು ಆಡಿದರು.

ಇನ್ನೊಂದು ಮುಖ್ಯ ವಿಷಯ. ನಮ್ಮ ವಯಸ್ಸಿನಲ್ಲಿ ಎಲ್ಲರೂ ಒಂದೇ ಸಲ ಬೆಳೆಯುವುದಿಲ್ಲ. ಹುಡುಗಿಯರು ಸುಮಾರು 11-12ನೇ ವಯಸ್ಸಿನಲ್ಲಿ ಥಟ್ಟನೆ ಬೆಳೆಯುತ್ತಾರೆ, ಹುಡುಗರು 13-14ರಲ್ಲಿ. ಕೆಲವರು ಇನ್ನೂ ತಡ. ಹಾಗಾಗಿ ಏಳನೇ ತರಗತಿಯಲ್ಲಿ ಹಿಂದಿನ ಬೆಂಚಿನ ಉದ್ದ ಹುಡುಗಿ ಹತ್ತನೇ ತರಗತಿಯಲ್ಲೂ ಎಲ್ಲರಿಗಿಂತ ಉದ್ದ ಇರುತ್ತಾಳೆ ಅಂತ ಏನೂ ಇಲ್ಲ. ಮೈಕೆಲ್ ಜೋರ್ಡಾನ್ ಹೆಸರು ಕೇಳಿದ್ದೀರಲ್ಲ? 1978ರಲ್ಲಿ ಅವರ ಪ್ರೌಢಶಾಲೆಯ ಮುಖ್ಯ ತಂಡಕ್ಕೆ ಅವರನ್ನು ತೆಗೆದುಕೊಳ್ಳಲಿಲ್ಲ, ಕಿರಿಯರ ತಂಡದಲ್ಲಿ ಆಡಲು ಹೇಳಿದರು. ಆಮೇಲೆ ಅವರು ಬೆಳೆದರು.

ನಮ್ಮಲ್ಲಿ ವಯಸ್ಸಿನದೇ ಇನ್ನೊಂದು ತೊಂದರೆ ಇದೆ. ಹಾಜರಿ ಪುಸ್ತಕ ನೋಡಿ, ಎಷ್ಟು ಜನರ ಹುಟ್ಟಿದ ದಿನ ಜೂನ್ 1! ಎಲ್ಲರೂ ಅವತ್ತೇ ಹುಟ್ಟಿದರಾ? ಹುಟ್ಟಿದ ಚೀಟಿ ಇಲ್ಲದವರಿಗೆ ಶಾಲೆಗೆ ಸೇರಿಸುವಾಗ ಹಾಗೆ ಬರೆಸಿಬಿಡುತ್ತಾರೆ. ಕ್ಷಮತೆಯ ಕೋಷ್ಟಕಗಳೆಲ್ಲಾ ವಯಸ್ಸಿನ ಪ್ರಕಾರವೇ ಇರುವುದು. ವಯಸ್ಸನ್ನೇ ಒಂದು ವರ್ಷ ಹೆಚ್ಚಿಗೆ ಬರೆದಿದ್ದರೆ ಚೆನ್ನಾಗಿ ಓಡಿದವನೂ 'ಸಾಧಾರಣ' ಆಗಿಬಿಡುತ್ತಾನೆ. ಇದಕ್ಕೆ ಸುಲಭ ಉಪಾಯ ಎಂದರೆ ಬೇರೆಯವರ ಜೊತೆ ಹೋಲಿಸುವುದಕ್ಕಿಂತ ನಮ್ಮದೇ ಮೂರು ತಿಂಗಳ ಹಿಂದಿನ ಅಂಕಿಯ ಜೊತೆ ಹೋಲಿಸುವುದು.

ನಿಂತು ಮೇಲಕ್ಕೆ ಹಾರುವ ಪರೀಕ್ಷೆ

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದು. ಇದನ್ನು ಸಾರ್ಜೆಂಟ್ ಜಿಗಿತ ಎನ್ನುತ್ತಾರೆ. ಡಡ್ಲಿ ಸಾರ್ಜೆಂಟ್ ಎಂಬ ದೈಹಿಕ ಶಿಕ್ಷಣ ತಜ್ಞರು 1921ರಲ್ಲಿ ಇದರ ಬಗ್ಗೆ ಬರೆದರು. ಆಗಿನಿಂದ ನೂರು ವರ್ಷ ಆದರೂ ಇನ್ನೂ ನಡೆಯುತ್ತಿದೆ, ಏಕೆಂದರೆ ಇದಕ್ಕೆ ಒಂದು ಗೋಡೆ ಮತ್ತು ಒಂದು ಚಾಕ್‌ಪೀಸ್ ಇದ್ದರೆ ಸಾಕು.

ಮಾಡುವ ವಿಧಾನ: ಬೆರಳ ತುದಿಗೆ ಚಾಕ್‌ಪೀಸ್ ಪುಡಿ ಹಚ್ಚಿಕೊಳ್ಳಿ. ಗೋಡೆಯ ಪಕ್ಕ ನಿಂತು ಹಿಮ್ಮಡಿ ಎತ್ತದೆ ಒಂದು ಕೈ ಪೂರ್ತಿ ಮೇಲೆ ಚಾಚಿ ಗುರುತು ಹಾಕಿ. ಆಮೇಲೆ ಓಡಿ ಬರದೆ, ನಿಂತಲ್ಲೇ ಮಂಡಿ ಬಗ್ಗಿಸಿ, ಕೈ ಬೀಸಿ ಹಾರಿ ಇನ್ನೊಂದು ಗುರುತು ಹಾಕಿ. ಎರಡರ ನಡುವಿನ ಅಂತರವೇ ನಿಮ್ಮ ಜಿಗಿತ. ಮೂರು ಅವಕಾಶ, ಒಳ್ಳೆಯದನ್ನು ಬರೆದುಕೊಳ್ಳುವುದು. ನಾನು ನಿಂತು ಮುಟ್ಟಿದ್ದು 178 ಸೆಂ.ಮೀ., ಹಾರಿ ಮುಟ್ಟಿದ್ದು 207. ಹಾಗಾದರೆ ನನ್ನ ಜಿಗಿತ 29 ಸೆಂ.ಮೀ.

ಇಲ್ಲಿ ಗಮನಿಸಿ: ಕುಳ್ಳಗಿದ್ದವರಿಗೂ ಉದ್ದ ಇದ್ದವರಿಗೂ ಇದರಲ್ಲಿ ಅನ್ಯಾಯ ಆಗುವುದಿಲ್ಲ. ಪ್ರತಿಯೊಬ್ಬರ ಎತ್ತರವನ್ನೂ ಕಳೆದೇ ಅಳೆಯುವುದು. ನಮ್ಮ ತರಗತಿಯಲ್ಲಿ ನೋಡಿದಾಗ ಎಲ್ಲರಿಗಿಂತ ಉದ್ದ ಇದ್ದವನೇ ಎಲ್ಲರಿಗಿಂತ ಹೆಚ್ಚು ಹಾರಲಿಲ್ಲ. ಹಾರಿದ್ದು ಬಸ್ಸಿನಲ್ಲಿ ಸುಮ್ಮನೆ ಕೂತಿದ್ದ ನನ್ನ ಗೆಳತಿ.

ಫೋನ್ ಇದ್ದರೆ ಗೋಡೆಯೂ ಬೇಡ. ಕಾಲು ನೆಲ ಬಿಟ್ಟ ಕ್ಷಣದಿಂದ ಮತ್ತೆ ನೆಲ ಮುಟ್ಟಿದ ಕ್ಷಣದವರೆಗೆ ಎಷ್ಟು ಸಮಯ ಎಂದು ನಿಧಾನ ವೀಡಿಯೊದಲ್ಲಿ ನೋಡಬೇಕು. ಆ ಸಮಯವನ್ನು ಅದರಿಂದಲೇ ಗುಣಿಸಿ, 9.8ರಿಂದ ಗುಣಿಸಿ, 8ರಿಂದ ಭಾಗಿಸಿದರೆ ಎತ್ತರ ಮೀಟರ್‌ನಲ್ಲಿ ಸಿಗುತ್ತದೆ. ಅರ್ಧ ಸೆಕೆಂಡು ಗಾಳಿಯಲ್ಲಿದ್ದರೆ 0.5 × 0.5 × 9.8 ÷ 8, ಅಂದರೆ ಸುಮಾರು 0.31 ಮೀಟರ್, 31 ಸೆಂ.ಮೀ. ಒಂದು ಸೆಕೆಂಡು ಗಾಳಿಯಲ್ಲಿರಬೇಕಾದರೆ 122 ಸೆಂ.ಮೀ. ಹಾರಬೇಕು! ದೊಡ್ಡ ದೊಡ್ಡ ಆಟಗಾರರು ಮೂರು ಸೆಕೆಂಡು ಗಾಳಿಯಲ್ಲಿ ತೇಲುತ್ತಾರೆ ಅಂತ ಹೇಳುವವರಿಗೆ ಈ ಲೆಕ್ಕ ತೋರಿಸಿ. ನಾನು ರಿಂಗ್ ಮುಟ್ಟಬೇಕೆಂದರೆ 305ರಲ್ಲಿ 178 ಕಳೆದು 127 ಸೆಂ.ಮೀ. ಹಾರಬೇಕು. ಸದ್ಯಕ್ಕೆ ಆಗುವ ಮಾತಲ್ಲ.

ವೇಗದ ಓಟ ಮತ್ತು ನಮ್ಮ ಮೈದಾನದ ಸಮಸ್ಯೆ

2019ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ 'ಖೇಲೋ ಇಂಡಿಯಾ' ಎಂಬ ಆ್ಯಪ್ ಹೊರತಂದಿತು. ಅದರಲ್ಲಿ 5ರಿಂದ 18 ವರ್ಷದ ಶಾಲಾ ಮಕ್ಕಳ ಕ್ಷಮತೆ ಅಳೆಯುವ ಪರೀಕ್ಷೆಗಳಿದ್ದವು. ನಾಲ್ಕನೇ ತರಗತಿಯಿಂದ ಮೇಲಿನವರಿಗೆ ಬಿ.ಎಂ.ಐ., 50 ಮೀಟರ್ ಓಟ, 600 ಮೀಟರ್ ಓಟ ಅಥವಾ ನಡಿಗೆ, ಕೂತು ಮುಂದೆ ಬಗ್ಗುವುದು, 30 ಸೆಕೆಂಡಿನಲ್ಲಿ ಎಷ್ಟು ಸಲ ಹೊಟ್ಟೆಯ ಬಲದಿಂದ ಅರ್ಧ ಏಳುತ್ತೀರಿ ಎಂಬುದು, ಮತ್ತು ದಂಡ. ಹುಡುಗಿಯರು ದಂಡವನ್ನು ಮಂಡಿ ಊರಿ ಹೊಡೆಯಬಹುದು. ಯಾಕೆ ಹುಡುಗಿಯರಿಗೆ ಮಾತ್ರ ಅಂತ ಕೇಳಿದೆ. ಸರ್ ನಕ್ಕರು, ಉತ್ತರ ಹೇಳಲಿಲ್ಲ.

ಈಗ ನಮ್ಮ ಮೈದಾನ ಅಳೆದದ್ದನ್ನು ಹೇಳುತ್ತೇನೆ. ಉದ್ದ 38 ಮೀಟರ್, ಅಗಲ 22 ಮೀಟರ್. 50 ಮೀಟರ್ ಓಟಕ್ಕೆ ಜಾಗ ಇಲ್ಲ. ಮೂಲೆಯಿಂದ ಮೂಲೆಗೆ ಓಡಿದರೆ? ಪೈಥಾಗೊರಸ್ ಪ್ರಮೇಯದ ಪ್ರಕಾರ ಕರ್ಣ ಸುಮಾರು 43.9 ಮೀಟರ್. ಆಗಲೂ ಸಾಲದು, ಮೇಲಾಗಿ ಓಟ ಮುಗಿದ ಮೇಲೆ ನಿಧಾನವಾಗಿ ನಿಲ್ಲಲು ಎಂಟು ಹತ್ತು ಮೀಟರ್ ಬೇಕು, ಇಲ್ಲದಿದ್ದರೆ ಕಾಂಪೌಂಡ್ ಗೋಡೆಗೆ ಗುದ್ದುತ್ತೇವೆ. ಹೊರಗೆ ರಸ್ತೆಯಲ್ಲಿ ಓಡಿ ಎನ್ನುವವರಿದ್ದಾರೆ. ಅಲ್ಲಿ ಟೆಂಪೊ, ನೀರಿನ ಟ್ಯಾಂಕರ್, ಕಂಪನಿ ಕ್ಯಾಬ್‌ಗಳ ಮಧ್ಯೆ ಯಾರು ಓಡುತ್ತಾರೆ? ಮೊದಲು ಊರಿನ ಸುತ್ತ ಹೊಲ, ತೋಪು ಇತ್ತು, ಎಲ್ಲಿ ಬೇಕಾದರೂ ಓಡುತ್ತಿದ್ದೆವು ಅಂತ ಅಜ್ಜಿ ಹೇಳುತ್ತಾರೆ. ಈಗ ಮೆಟ್ರೋದ ಸಿಂಗಯ್ಯನಪಾಳ್ಯ ನಿಲ್ದಾಣದ ಮೆಟ್ಟಿಲು ಹತ್ತಿ ನಿಂತು ನೋಡಿದರೆ ಕಟ್ಟಡಗಳೇ. ಬಣ್ಣ ಬಳಿದ ಬ್ಯಾಸ್ಕೆಟ್‌ಬಾಲ್ ಅಂಕಣಗಳೂ ನಮ್ಮ ಕಡೆ ಬೇಕಾದಷ್ಟಿವೆ, ಅಪಾರ್ಟ್‌ಮೆಂಟ್‌ಗಳ ಗೇಟಿನ ಒಳಗಡೆ.

ಇರಲಿ. 600 ಮೀಟರ್‌ಗೆ ಮಾತ್ರ ನಮ್ಮ ಅದೃಷ್ಟ ಚೆನ್ನಾಗಿದೆ. 38 + 22 = 60, ಅದರ ಎರಡು ಪಟ್ಟು 120. ಐದು ಸುತ್ತು ಹಾಕಿದರೆ ಸರಿಯಾಗಿ 600! ಆದರೆ ಪ್ರತಿ ಸುತ್ತಿಗೂ ನಾಲ್ಕು ತಿರುವು, ಒಟ್ಟು ಇಪ್ಪತ್ತು ಮೂಲೆ. ಮೂಲೆಯಲ್ಲಿ ವೇಗ ಕಡಿಮೆ ಆಗುತ್ತದೆ. ದೊಡ್ಡ ಟ್ರ್ಯಾಕಿನಲ್ಲಿ ಓಡಿದವರ ಸಮಯಕ್ಕೂ ನಮ್ಮದಕ್ಕೂ ಹೋಲಿಸುವುದು ಸರಿಯಲ್ಲ.

ಬ್ಯಾಸ್ಕೆಟ್‌ಬಾಲ್‌ಗಾದರೆ 50 ಮೀಟರ್ ಬೇಕಾಗಿಯೂ ಇಲ್ಲ. ಅಂಕಣವೇ 28 ಮೀಟರ್. ಆದ್ದರಿಂದ ಒಂದು ತುದಿಯಿಂದ ಇನ್ನೊಂದು ತುದಿಗೆ 28 ಮೀಟರ್ ಓಡಿಸಿದರೆ ಸಾಕು, ಅದು ನಮ್ಮ ಮೈದಾನದಲ್ಲಿ ಹಿಡಿಸುತ್ತದೆ. ಆಟದ ದಮ್ಮು ನೋಡಲು ಗೆರೆ ಓಟ ಮಾಡಿಸುತ್ತಾರೆ. ತುದಿಯಿಂದ ಫ್ರೀ ಥ್ರೋ ಗೆರೆಗೆ 5.8 ಮೀಟರ್ ಹೋಗಿ ವಾಪಸ್, ಮಧ್ಯದ ಗೆರೆಗೆ 14 ಮೀಟರ್ ಹೋಗಿ ವಾಪಸ್, ಆ ಕಡೆಯ ಫ್ರೀ ಥ್ರೋ ಗೆರೆಗೆ 22.2 ಮೀಟರ್ ಹೋಗಿ ವಾಪಸ್, ಕೊನೆಗೆ ಪೂರ್ತಿ 28 ಹೋಗಿ ವಾಪಸ್. ಕೂಡಿಸಿದರೆ 70, ಎರಡು ಪಟ್ಟು 140 ಮೀಟರ್. ಮಾಡಿದವರಿಗೇ ಗೊತ್ತು ಅದರ ಕಷ್ಟ.

ಚುರುಕುತನ

ನೆಲದ ಮೇಲೆ ಸುಣ್ಣದಲ್ಲಿ 5.8 ಮೀಟರ್ ಉದ್ದ, 4.9 ಮೀಟರ್ ಅಗಲದ ಆಯತ ಬರೆಯಿರಿ. ರಿಂಗ್ ಮುಂದೆ ಇರುವ ಬಣ್ಣದ ಚೌಕದ ಅಳತೆ ಇದು. ನಾಲ್ಕು ಮೂಲೆಗೆ ನಾಲ್ಕು ಇಟ್ಟಿಗೆ. (ಇಟ್ಟಿಗೆ ಎಡವಿದರೆ ಗಾಯ ಆಗುತ್ತೆ, ಮರಳು ತುಂಬಿದ ಪ್ಲಾಸ್ಟಿಕ್ ಬಾಟಲಿ ಒಳ್ಳೆಯದು.) ಉದ್ದಕ್ಕೆ ಮುಂದೆ ಓಡಬೇಕು, ಅಗಲಕ್ಕೆ ಕಾಲು ಕತ್ತರಿ ಹಾಕದೆ ಏಡಿಯ ಹಾಗೆ ಪಕ್ಕಕ್ಕೆ ಸರಿಯಬೇಕು, ಮತ್ತೆ ಉದ್ದಕ್ಕೆ ಹಿಂದು ಹಿಂದಕ್ಕೆ ಓಡಬೇಕು, ಮತ್ತೆ ಪಕ್ಕಕ್ಕೆ ಸರಿದು ಶುರುವಿನ ಜಾಗಕ್ಕೆ ಬರಬೇಕು. ಅಲ್ಲಿ ಗೆರೆ ಮುಟ್ಟಿ ಅದೇ ದಾರಿಯಲ್ಲಿ ಉಲ್ಟಾ ಸುತ್ತು. ಒಟ್ಟು 42.8 ಮೀಟರ್. ಎನ್.ಬಿ.ಎ.ಗೆ ಸೇರುವವರನ್ನೂ ಇದೇ ರೀತಿಯ ಪರೀಕ್ಷೆಯಲ್ಲಿ ಓಡಿಸುತ್ತಾರೆ.

ಕುಂಟೆಬಿಲ್ಲೆ, ಕಬಡ್ಡಿ, ಖೋ-ಖೋ ಆಡಿ ಬೆಳೆದವರು ಇದರಲ್ಲಿ ಜೋರು. ನಾವು ಮಾಡಿದಾಗ ಖೋ-ಖೋ ತಂಡದವರೇ ಮುಂದೆ ಬಂದರು, ಚೆಂಡು ಹಿಡಿದೇ ಗೊತ್ತಿಲ್ಲದವರು!

ದಮ್ಮಿನ ಪರೀಕ್ಷೆ

ಕೆನಡಾದ ಮಾಂಟ್ರಿಯಲ್ ವಿಶ್ವವಿದ್ಯಾಲಯದ ಲುಕ್ ಲೆಜೇ ಎಂಬ ವಿಜ್ಞಾನಿ 1982ರಲ್ಲಿ ಒಂದು ಪರೀಕ್ಷೆಯನ್ನು ಪ್ರಕಟಿಸಿದರು. 20 ಮೀಟರ್ ದೂರದಲ್ಲಿ ಎರಡು ಗೆರೆ. 'ಬೀಪ್' ಶಬ್ದ ಬರುವಷ್ಟರಲ್ಲಿ ಆ ಕಡೆಯ ಗೆರೆ ಮುಟ್ಟಬೇಕು, ಮುಂದಿನ ಬೀಪ್‌ಗೆ ಈ ಕಡೆ. ಮೊದಲ ನಿಮಿಷ ಗಂಟೆಗೆ 8.5 ಕಿ.ಮೀ. ವೇಗ, ಅಂದರೆ 20 ಮೀಟರ್‌ಗೆ ಸುಮಾರು ಎಂಟೂವರೆ ಸೆಕೆಂಡು. ಆರಾಮ. ಆಮೇಲೆ ಪ್ರತಿ ನಿಮಿಷಕ್ಕೂ ಅರ್ಧ ಕಿ.ಮೀ. ವೇಗ ಹೆಚ್ಚುತ್ತದೆ. ಎರಡನೇ ನಿಮಿಷದಲ್ಲಿ 8 ಸೆಕೆಂಡು, ಮೂರನೆಯದರಲ್ಲಿ ಸುಮಾರು 7.6, ನಾಲ್ಕರಲ್ಲಿ 7.2. ಬೀಪ್ ತಪ್ಪಿದವರು ಹೊರಗೆ. ಐದು ನಿಮಿಷ ಪೂರ್ತಿ ಮಾಡಿದವರು ಸುಮಾರು 790 ಮೀಟರ್ ಓಡಿರುತ್ತಾರೆ.

ಇದರ ತಮ್ಮನೇ ಯೋ-ಯೋ ಪರೀಕ್ಷೆ. ಡೆನ್ಮಾರ್ಕಿನ ಯೆನ್ಸ್ ಬಾಂಗ್ಸ್‌ಬೊ ಮಾಡಿದ್ದು. ಅದರಲ್ಲಿ ಹೋಗಿ ಬಂದ ಮೇಲೆ ಹತ್ತು ಸೆಕೆಂಡು ವಿಶ್ರಾಂತಿ ಕೊಡುತ್ತಾರೆ. 2017ರಲ್ಲಿ ಭಾರತದ ಕ್ರಿಕೆಟ್ ತಂಡದವರಿಗೆ ಇದನ್ನು ಇಟ್ಟಾಗ ಪತ್ರಿಕೆಗಳಲ್ಲೆಲ್ಲಾ ಬಂತು. ಓಡು, ನಿಲ್ಲು, ಮತ್ತೆ ಓಡು ಎನ್ನುವುದು ಬ್ಯಾಸ್ಕೆಟ್‌ಬಾಲ್‌ಗೂ ಹತ್ತಿರದ್ದೇ.

ನಮಗೆ ಬೀಪ್ ಶಬ್ದ ಸರ್ ಫೋನಿನಲ್ಲಿ ಸಿಗುತ್ತದೆ, ಜೋರಾಗಿ ಕೇಳಲು ಪ್ರಾರ್ಥನೆಯ ಸ್ಪೀಕರ್‌ಗೆ ಹಾಕಬಹುದು.

ಓಟದ ನಂತರ ನಾಡಿ ನೋಡುವುದನ್ನೂ ಕಲಿಯಿರಿ. ಹೆಬ್ಬೆರಳ ಬುಡದ ಕಡೆ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿ. ಹೆಬ್ಬೆರಳಿಂದ ನೋಡಬಾರದು, ಅದರಲ್ಲೇ ನಾಡಿ ಬಡಿಯುತ್ತದೆ. ಓಟ ನಿಂತ ತಕ್ಷಣ ಒಂದು ಸಲ, ಒಂದು ನಿಮಿಷ ಬಿಟ್ಟು ಇನ್ನೊಂದು ಸಲ ಬರೆದುಕೊಳ್ಳಿ. ಬೇಗ ಇಳಿದಷ್ಟೂ ದಮ್ಮು ಚೆನ್ನಾಗಿದೆ ಎಂದರ್ಥ.

ಕೂತು ಮುಂದೆ ಬಗ್ಗುವುದು ಸುಲಭ. ಒಂದು ಗಟ್ಟಿ ಪೆಟ್ಟಿಗೆಗೆ ಪಾದ ಒತ್ತಿ, ಮಂಡಿ ಎತ್ತದೆ ಕೈ ಎಷ್ಟು ಮುಂದೆ ಹೋಗುತ್ತದೆ ಎಂದು ಸ್ಕೇಲಿನಲ್ಲಿ ನೋಡುವುದು. ಜರ್ಕ್ ಹೊಡೆಯಬಾರದು. ಥಟ್ಟನೆ ಬೆಳೆದವರಿಗೆ ಸ್ವಲ್ಪ ದಿನ ಮೈ ಬಗ್ಗುವುದಿಲ್ಲ, ಮೂಳೆ ಮೊದಲು ಉದ್ದ ಆಗುತ್ತದಂತೆ, ಸ್ನಾಯು ಹಿಂದೆ ಬರುತ್ತದಂತೆ.

ಅಳತೆ ಹಾಳಾಗುವುದು ಎಲ್ಲಿ?

ಸಹಪಾಠಿಗಳೇ, ಈ ಭಾಗ ದಯವಿಟ್ಟು ಬಿಡದೆ ಓದಿ. ಗುರುಗಳೂ ಓದಬೇಕೆಂದು ವಿನಂತಿ.

ಟೇಪು ಮೊದಲು. ನಮ್ಮ ತರಗತಿಯಲ್ಲಿ ಗಾರೆ ಕೆಲಸದವರ ಮಕ್ಕಳಿದ್ದಾರೆ, ಅವರ ಮನೆಯಲ್ಲಿ 5 ಮೀಟರ್ ಸ್ಟೀಲ್ ಟೇಪು ಇರುತ್ತದೆ. ಅದನ್ನು ಹತ್ತು ಸಲ ಮಡಗಿ 50 ಮೀಟರ್ ಮಾಡಿದರೆ ಒಂದೊಂದು ಸಲಕ್ಕೆ ಎರಡು ಸೆಂ.ಮೀ. ತಪ್ಪಿದರೂ ಒಟ್ಟು 20 ಸೆಂ.ಮೀ. ಆಗುತ್ತದೆ. ಗೋಡೆಯ ಅಳತೆಗೆ ಅದು ಸರಿ, ಓಟಕ್ಕೆ 30 ಮೀಟರ್ ಟೇಪು ಬೇಕು.

ಸ್ಟಾಪ್‌ವಾಚ್ ಒತ್ತುವ ಬೆರಳು ತಡವಾಗುತ್ತದೆ. 28 ಮೀಟರ್‌ನ್ನು ಐದು ಸೆಕೆಂಡಿನಲ್ಲಿ ಓಡಿದವನಿಗೆ 0.3 ಸೆಕೆಂಡು ವ್ಯತ್ಯಾಸ ಬಂದರೆ ಅದು ನೂರಕ್ಕೆ ಆರು. ಅಷ್ಟರಲ್ಲಿ ಮೊದಲನೆಯವನು ಐದನೆಯವನಾಗುತ್ತಾನೆ. ಅದಕ್ಕೇ ಎಲ್ಲರಿಗೂ ಒಬ್ಬರೇ ಸಮಯ ನೋಡಬೇಕು, ಎರಡು ಸಲ ಓಡಿಸಬೇಕು. ಕೆಲವರಿಗೆ ಶೂ, ಕೆಲವರು ಬರಿಗಾಲು ಎಂದರೂ ಸರಿಯಾಗುವುದಿಲ್ಲ. ಶೂ ಇಲ್ಲದವರಿದ್ದರೆ ಎಲ್ಲರೂ ಬರಿಗಾಲಲ್ಲೇ ಓಡಲಿ, ಆದರೆ ಮೊದಲು ಮೈದಾನದ ಕಲ್ಲು, ಗಾಜಿನ ಚೂರು ಆರಿಸಬೇಕು.

ಪರೀಕ್ಷೆಗಳಿಗೆ ಕ್ರಮವೂ ಇದೆ. ಎತ್ತರ ತೂಕ ಮೊದಲು. ಆಮೇಲೆ ಮೈ ಬಿಸಿ ಮಾಡಿಕೊಂಡು ಬಗ್ಗುವುದು, ಜಿಗಿತ, ಸಣ್ಣ ಓಟ, ಚುರುಕುತನ. ದಂಡ ಮತ್ತು ಹೊಟ್ಟೆಯ ಪರೀಕ್ಷೆ ಅದರ ನಂತರ. ದಮ್ಮಿನ ಪರೀಕ್ಷೆ ಯಾವಾಗಲೂ ಕೊನೆಗೆ. ಮೊದಲೇ 600 ಮೀಟರ್ ಓಡಿಸಿ ಆಮೇಲೆ ಹಾರು ಅಂದರೆ ಕಾಲಲ್ಲಿ ಏನು ಉಳಿದಿರುತ್ತದೆ?

ಹೊಟ್ಟೆಯ ವಿಷಯ ಹೇಳದೆ ಇರಲಾರೆ. ಬೆಳಿಗ್ಗೆ ಏನೂ ತಿನ್ನದೆ ಬರುವವರು ನಮ್ಮಲ್ಲಿ ಇದ್ದಾರೆ. ಅಪ್ಪ ಅಮ್ಮ ಆರು ಗಂಟೆಗೇ ಕೆಲಸಕ್ಕೆ ಹೋಗಿರುತ್ತಾರೆ. ಶಾಲೆಯ ಹಾಲು ಕುಡಿಯುವವರೆಗೆ ಹೊಟ್ಟೆ ಖಾಲಿ. ಅಂಥವರನ್ನು ಪ್ರಾರ್ಥನೆ ಮುಗಿದ ಕೂಡಲೇ ಓಡಿಸಿದರೆ ಬರುವ ಅಂಕಿ ಹಸಿವಿನದು, ಕ್ಷಮತೆಯದಲ್ಲ. ಬಿಸಿಯೂಟ ಆದ ತಕ್ಷಣವೂ ಬೇಡ, ಹೊಟ್ಟೆ ಹಿಡಿಯುತ್ತದೆ. ಹಾಲು ಕುಡಿದು ಒಂದು ಗಂಟೆ ಬಿಟ್ಟು, ಬಿಸಿಲು ಏರುವ ಮೊದಲು ಮಾಡಿದರೆ ಒಳ್ಳೆಯದು. ಕುಡಿಯುವ ನೀರು ಹತ್ತಿರದಲ್ಲೇ ಇರಲಿ. ಉಬ್ಬಸ ಇರುವವರು, ಜ್ವರ ಬಂದು ಎದ್ದವರು ಮೊದಲೇ ಹೇಳಬೇಕು. ಓಡುವಾಗ ಎದೆ ನೋವು, ತಲೆ ಸುತ್ತು ಬಂದರೆ ಅಲ್ಲೇ ನಿಲ್ಲಬೇಕು, ಯಾರೂ 'ಓಡೋ ಓಡೋ' ಅಂತ ಕೂಗಬಾರದು.

ತೂಕವನ್ನು ಜೋರಾಗಿ ಓದಿ ಹೇಳಬಾರದು. ಹೋದ ಸಲ ಯಾರೋ ಕೂಗಿ ಹೇಳಿದ್ದಕ್ಕೆ ಒಬ್ಬಳು ಮೂರು ದಿನ ಶಾಲೆಗೇ ಬರಲಿಲ್ಲ.

ಅಂಕಿ ಎಷ್ಟು ಹೇಳುತ್ತದೆ?

2007ರಲ್ಲಿ ಕೆವಿನ್ ಡ್ಯೂರಾಂಟ್ ಎಂಬ ಹುಡುಗ ಎನ್.ಬಿ.ಎ. ಪರೀಕ್ಷೆಗೆ ಹೋದ. ಅಲ್ಲಿ ಆಗ ಬೆಂಚಿನ ಮೇಲೆ ಮಲಗಿ ಸುಮಾರು 84 ಕೆ.ಜಿ. ಭಾರವನ್ನು ಎಷ್ಟು ಸಲ ಎತ್ತುತ್ತೀರಿ ಎಂದು ನೋಡುತ್ತಿದ್ದರು. ಆತನಿಗೆ ಒಂದು ಸಲವೂ ಆಗಲಿಲ್ಲ. ಎಲ್ಲರೂ ನಕ್ಕರು. ಆದರೂ ಆ ವರ್ಷ ಎರಡನೆಯವನಾಗಿ ಆಯ್ಕೆಯಾದ, 2014ರಲ್ಲಿ ಇಡೀ ಲೀಗಿನ ಅತ್ಯುತ್ತಮ ಆಟಗಾರ ಎನಿಸಿಕೊಂಡ. ಚೆಂಡನ್ನು ಬುಟ್ಟಿಗೆ ಹಾಕುವ ಕೈ ಎಂಥದು ಎಂದು ಆ ಭಾರಕ್ಕೆ ಗೊತ್ತಾಗಲಿಲ್ಲ. ಅದಕ್ಕೆ ಕೌಶಲದ ಪರೀಕ್ಷೆಯೇ ಬೇರೆ: 30 ಸೆಕೆಂಡಿನಲ್ಲಿ ಎಷ್ಟು ಬುಟ್ಟಿ, ಗೋಡೆಗೆ ಎಷ್ಟು ಪಾಸು, ಚೆಂಡು ಬಡಿಯುತ್ತಾ ಅಡೆತಡೆ ಸುತ್ತಿ ಬರಲು ಎಷ್ಟು ಸಮಯ. ಆಯ್ಕೆಗೆ ಎರಡೂ ಬೇಕು.

ಹಾಗಂತ ಕ್ಷಮತೆಯ ಪರೀಕ್ಷೆಯೇ ಬೇಡ ಎನ್ನುವುದನ್ನು ನಾನು ಒಪ್ಪುವುದಿಲ್ಲ. ಅದಿಲ್ಲದಿದ್ದರೆ ಉಳಿಯುವುದು ಎತ್ತರದ ಸಾಲು ಒಂದೇ. ನಮ್ಮ ರಾಜ್ಯದ ಕ್ರೀಡಾ ವಸತಿ ನಿಲಯಗಳಿಗೆ ಸೇರಿಸಿಕೊಳ್ಳುವಾಗಲೂ ಎತ್ತರ, ತೂಕದ ಜೊತೆಗೆ ಓಟ, ಜಿಗಿತ ನೋಡುತ್ತಾರೆ. ಅಲ್ಲಿಗೆ ಹೋಗಬೇಕೆನ್ನುವವರು ತಮ್ಮ ಅಂಕಿ ಏನೆಂದು ಈಗಲೇ ತಿಳಿದುಕೊಂಡಿದ್ದರೆ ಮೂರು ತಿಂಗಳು ಅಭ್ಯಾಸ ಮಾಡಿ ಹೆಚ್ಚಿಸಿಕೊಳ್ಳಬಹುದು. ಜಿಗಿತ ಹೆಚ್ಚಿಸಬಹುದು, ದಮ್ಮು ಹೆಚ್ಚಿಸಬಹುದು. ಎತ್ತರವನ್ನು ಮಾತ್ರ ಯಾರೂ ಅಭ್ಯಾಸ ಮಾಡಿ ಹೆಚ್ಚಿಸಿಕೊಳ್ಳಲು ಆಗುವುದಿಲ್ಲ.

ಒಂದು ಪುಸ್ತಕ ಇಡೋಣ ಅಂತ ಸರ್ ಒಪ್ಪಿದ್ದಾರೆ. ನೂರು ಪುಟದ ನೋಟ್‌ಬುಕ್, ಒಬ್ಬೊಬ್ಬರಿಗೆ ಒಂದು ಪುಟ. ಜೂನ್, ಸೆಪ್ಟೆಂಬರ್, ಡಿಸೆಂಬರ್, ಮಾರ್ಚ್ ನಾಲ್ಕು ಸಲ ಬರೆಯುವುದು. ಪುಸ್ತಕ ಸರ್ ಬೀರುವಿನಲ್ಲಿ ಇರುತ್ತದೆ, ತಮ್ಮ ಪುಟ ಮಾತ್ರ ಕೇಳಿ ನೋಡಬಹುದು. ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಅಪ್ಪ ಅಮ್ಮನ ಜೊತೆ ಕಟ್ಟಡ ಕೆಲಸಕ್ಕೆ ಬಂದ ಗೆಳೆಯರು ಕೆಲಸ ಮುಗಿದ ಮೇಲೆ ವರ್ಷದ ನಡುವೆಯೇ ಹೊರಟುಬಿಡುತ್ತಾರೆ. ಅವರ ಅಂಕಿ ಇಲ್ಲೇ ಉಳಿದರೆ ಏನು ಪ್ರಯೋಜನ? ಅದಕ್ಕೆ ಪ್ರತಿಯೊಬ್ಬರಿಗೂ ಒಂದು ರಟ್ಟಿನ ಚೀಟಿ ಕೊಡುತ್ತೇವೆ. ಅದರಲ್ಲಿ ದಿನಾಂಕ, ಎತ್ತರ, ಜಿಗಿತ, 28 ಮೀಟರ್ ಸಮಯ, ಬೀಪ್ ಎಷ್ಟನೇ ನಿಮಿಷ ಎಂದು ಬರೆದು ಸರ್ ಸಹಿ ಹಾಕುತ್ತಾರೆ. ಹೋದ ಊರಿನ ಶಾಲೆಯ ಪಿ.ಟಿ. ಸರ್‌ಗೆ ತೋರಿಸಬಹುದು.

ಮೊದಲ ಅಳತೆ ಬರುವ ಶನಿವಾರ ಬೆಳಿಗ್ಗೆ. ಅವತ್ತು ಮನೆಯಲ್ಲಿ ಏನಾದರೂ ತಿಂದು ಬನ್ನಿ. ತಿನ್ನಲು ಆಗದವರು ನನ್ನ ಹತ್ತಿರ ಮೆಲ್ಲಗೆ ಹೇಳಿ, ಅಮ್ಮ ಹತ್ತು ಚಪಾತಿ ಹೆಚ್ಚಿಗೆ ಮಾಡಿಕೊಡುತ್ತೇನೆ ಅಂದಿದ್ದಾರೆ. 30 ಮೀಟರ್ ಟೇಪು ಯಾರ ಮನೆಯಲ್ಲಾದರೂ ಇದ್ದರೆ ಶುಕ್ರವಾರವೇ ತಂದುಕೊಡಿ.